ಎಚ್‌ಐವಿಗೆ ಸಹಜ ಪ್ರತಿರೋಧ: ನೈರೋಬಿಯ ಮಹಿಳೆಯರಿಂದ ತಿಳಿದದ್ದೇನು?

ಕೀನ್ಯಾದ ರಾಜಧಾನಿ ನೈರೋಬಿಯಲ್ಲಿ ಮಜೆಂಗೊ ಎಂಬ ಕೊಳೆಗೇರಿ ಇದೆ. ಲೈಂಗಿಕ ರೋಗಗಳ ಅಧ್ಯಯನಕ್ಕೆಂದು ಅಲ್ಲಿಗೆ ಹೋಗಿದ್ದ ಕೆನಡಾದ ವೈದ್ಯ ಫ್ರಾಂಕ್ ಪ್ಲಮ್ಮರ್ ಮತ್ತು ಸಂಗಡಿಗರು 1985ರಲ್ಲಿ ಲೈಂಗಿಕ ಕಾರ್ಯಕರ್ತೆಯರ ರಕ್ತ ಪರೀಕ್ಷಿಸಿದಾಗ, ಸುಮಾರು ಮೂರನೇ ಎರಡರಷ್ಟು ಮಂದಿಗೆ ಎಚ್‌ಐವಿ ಸೋಂಕಿತ್ತು. ಆಘಾತಕಾರಿ ಸಂಗತಿ ಇದು. ಆದರೆ ನಿಜವಾದ ಅಚ್ಚರಿ ಕಾದಿದ್ದು ಆಮೇಲೆ. ವರ್ಷಗಳು ಉರುಳಿದರೂ ಅವರಲ್ಲಿ ಒಂದು ಸಣ್ಣ ಗುಂಪಿಗೆ ಮಾತ್ರ ಸೋಂಕು ತಗುಲಲೇ ಇಲ್ಲ.

1985ರಿಂದ 1994ರವರೆಗೆ ಸೋಂಕಿಲ್ಲದ 424 ಮಹಿಳೆಯರು ಅಧ್ಯಯನಕ್ಕೆ ಸೇರಿದ್ದರು. ಅವರಲ್ಲಿ 239 ಮಂದಿಗೆ ನಂತರ ಸೋಂಕು ತಗುಲಿತು. ಉಳಿದವರೆಲ್ಲ ಅದೃಷ್ಟದಿಂದ ಪಾರಾದರೇ? ಸಂಶೋಧಕರು ಲೆಕ್ಕ ಹಾಕಿ ನೋಡಿದರು. ಕಾಂಡೋಮ್ ಬಳಕೆ, ಗಿರಾಕಿಗಳ ಸಂಖ್ಯೆ, ಇತರ ಲೈಂಗಿಕ ರೋಗಗಳು ಯಾವುದೂ ಈ ವ್ಯತ್ಯಾಸವನ್ನು ಪೂರ್ತಿ ವಿವರಿಸಲಿಲ್ಲ. 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಈ ವರದಿ ಪ್ರಕಟವಾಯಿತು.

ಅದೇ ವರ್ಷ ಇನ್ನೊಂದು ಸುದ್ದಿಯೂ ಬಂತು. ಎಚ್‌ಐವಿ ಜೀವಕೋಶದೊಳಗೆ ನುಗ್ಗಲು ಸಿಡಿ4 ಜೊತೆಗೆ ಸಿಸಿಆರ್‌5 ಎಂಬ ಇನ್ನೊಂದು ಬಾಗಿಲೂ ಬೇಕು. ಈ ಜೀನ್‌ನಲ್ಲಿ 32 ಅಕ್ಷರಗಳು ಬಿಟ್ಟುಹೋಗಿ, ತಂದೆ-ತಾಯಿ ಇಬ್ಬರಿಂದಲೂ ಅಂಥ ಪ್ರತಿ ಬಂದಿದ್ದರೆ ಬಾಗಿಲೇ ಇರುವುದಿಲ್ಲ. ಉತ್ತರ ಯುರೋಪ್ ಮೂಲದವರಲ್ಲಿ ಶೇ 1ರಷ್ಟು ಮಂದಿ ಹೀಗಿದ್ದಾರೆ. 'ಬರ್ಲಿನ್ ರೋಗಿ' ಎಂದು ಹೆಸರಾದ ಟಿಮೊಥಿ ರೇ ಬ್ರೌನ್ ಎಚ್‌ಐವಿಯಿಂದ ಗುಣವಾಗಿದ್ದು ಇಂಥ ದಾನಿಯ ಕಾಂಡಕೋಶ ಪಡೆದೇ. ಆದರೂ ಇದು ಪೂರ್ಣ ಕವಚವಲ್ಲ, ಬೇರೆ ಬಾಗಿಲು ಬಳಸುವ ವೈರಸ್ ತಳಿಗಳೂ ಇವೆ. ಇನ್ನು ಈ ಜೀನ್ ಬದಲಾವಣೆ ಆಫ್ರಿಕಾದವರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ, ಭಾರತೀಯರಲ್ಲೂ ತೀರಾ ಕಡಿಮೆ. ಹಾಗಾಗಿ ಮಜೆಂಗೊದ ಒಗಟು ಇದರಿಂದ ಬಿಡಿಸಲಿಲ್ಲ.

ಆ ಮಹಿಳೆಯರ ರಕ್ತದಲ್ಲೂ ಜನನಾಂಗದ ಲೋಳೆಪದರದಲ್ಲೂ ಎಚ್‌ಐವಿಯನ್ನೇ ಗುರುತಿಸಿ ಕೊಲ್ಲಬಲ್ಲ ಟಿ ಕೋಶಗಳು ಸಿಕ್ಕವು. ಅಂದರೆ ವೈರಸ್ ದೇಹಕ್ಕೆ ಬಂದಿತ್ತು, ನೆಲೆಯೂರಿರಲಿಲ್ಲ. ಮುಂದೆ ಕೀತ್ ಫೋಕ್ ಮತ್ತಿತರರು ಇನ್ನೊಂದು ಸುಳಿವು ಕಂಡರು: ಇವರ ರೋಗನಿರೋಧಕ ಕೋಶಗಳು ಉಳಿದವರಿಗಿಂತ ಶಾಂತವಾಗಿದ್ದವು. ರೋಗನಿರೋಧಕ ಶಕ್ತಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದೇ ನಾವೆಲ್ಲ ಅಂದುಕೊಂಡಿರುತ್ತೇವೆ. ಎಚ್‌ಐವಿ ವಿಷಯದಲ್ಲಿ ಲೆಕ್ಕ ಉಲ್ಟಾ. ಅದು ಹಿಡಿಯುವುದೇ ಕೆರಳಿ ನಿಂತ ಸಿಡಿ4 ಕೋಶಗಳನ್ನು. ಉರಿಯೂತ ಕಡಿಮೆಯಿದ್ದರೆ ಅದಕ್ಕೆ ಸಿಗುವ ಬೇಟೆಯೂ ಕಡಿಮೆ. ಬೇರೆ ಲೈಂಗಿಕ ರೋಗವಿದ್ದಾಗ ಎಚ್‌ಐವಿ ತಗುಲುವ ಅಪಾಯ ಏರುವುದಕ್ಕೂ ಇದೇ ಒಂದು ಕಾರಣ. ಇದೇ ಎಳೆ ಹಿಡಿದು ನೈರೋಬಿಯಲ್ಲಿ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟು ನೋಡಿದ ಸಣ್ಣ ಅಧ್ಯಯನದಲ್ಲಿ ಜನನಾಂಗದಲ್ಲಿ ಅಂಥ ಕೋಶಗಳು ತಗ್ಗಿದ್ದವು. ಹಾಗಂತ ಆಸ್ಪಿರಿನ್ ಸೋಂಕು ತಡೆಯುತ್ತದೆ ಎಂದು ಸಾಬೀತಾಗಿಲ್ಲ, ಯಾರೂ ಮಾತ್ರೆ ನುಂಗಲು ಹೋಗಬಾರದು.

ಎಲ್ಲಕ್ಕಿಂತ ಕಳವಳದ ಭಾಗ ಇನ್ನೊಂದಿದೆ. ವರ್ಷಗಟ್ಟಲೆ ಸೋಂಕಿಲ್ಲದೆ ಇದ್ದ ಈ ಮಹಿಳೆಯರಲ್ಲೂ ಕೆಲವರಿಗೆ ಕೊನೆಗೆ ಎಚ್‌ಐವಿ ತಗುಲಿತು. 2001ರ ವರದಿಯ ಪ್ರಕಾರ, ಇದಕ್ಕೆ ತಳುಕು ಹಾಕಿಕೊಂಡಿದ್ದು ಕೆಲಸಕ್ಕೆ ಕೊಟ್ಟ ವಿರಾಮ. ಒಂದಷ್ಟು ಕಾಲ ದಂಧೆ ಬಿಟ್ಟಿದ್ದು ಅಥವಾ ಕಡಿಮೆ ಮಾಡಿದ್ದೇ ಅವರಿಗೆ ಮುಳುವಾಯಿತು. ವೈರಸ್‌ನ ಸಂಪರ್ಕ ತಪ್ಪಿದಾಗ ಟಿ ಕೋಶಗಳ ನೆನಪು ಮಸುಕಾಯಿತು ಎಂಬುದು ಸಂಶೋಧಕರ ವಿವರಣೆ. ಆ ಬದುಕಿನಿಂದ ತುಸು ಬಿಡುವು ಪಡೆದವರಿಗೇ ಹೀಗಾಗಿದ್ದು ವಿಪರ್ಯಾಸ. ಲಸಿಕೆ ರೂಪಿಸುವವರಿಗೂ ಇದು ತಲೆನೋವೇ. ದೇಹ ಕಲಿತ ಪಾಠ ಎಷ್ಟು ದಿನ ಉಳಿದೀತು ಎಂಬ ಪ್ರಶ್ನೆ ಅಲ್ಲಿಂದಲೇ ಎದ್ದಿತು.

ಈ ಕಥೆಗೆ ಕರ್ನಾಟಕದ ನಂಟೂ ಉಂಟು. ನೈರೋಬಿ ಅಧ್ಯಯನದಲ್ಲಿದ್ದ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯವೇ 2003ರಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಸ್ಥಾಪನೆಯಲ್ಲಿ ಕೈಜೋಡಿಸಿತು. ಇಲ್ಲಿನ ಲೈಂಗಿಕ ಕಾರ್ಯಕರ್ತೆಯರ ನಡುವೆ ಆ ಟ್ರಸ್ಟ್ ಎಚ್‌ಐವಿ ತಡೆ ಕೆಲಸ ಮಾಡಿತು.

'ಇಷ್ಟು ದಿನ ಏನೂ ಆಗಿಲ್ಲ, ನನಗೆ ಬರುವುದಿಲ್ಲ' ಎನ್ನುವವರಿಗೆ ವೈದ್ಯರ ಉತ್ತರ ಸರಳ. ಒಂದು ಸಲದ ಸಂಪರ್ಕದಲ್ಲಿ ಸೋಂಕು ದಾಟುವ ಸಾಧ್ಯತೆ ಹೇಗೂ ಕಡಿಮೆ, ತಪ್ಪಿಸಿಕೊಂಡವರೆಲ್ಲ ಪ್ರತಿರೋಧ ಇರುವವರಲ್ಲ. ಅಪಾಯವಾಗಿರಬಹುದು ಎನಿಸಿದರೆ 72 ಗಂಟೆಯೊಳಗೆ ವೈದ್ಯರನ್ನು ಕಂಡು ಪಿಇಪಿ ಮಾತ್ರೆ ಆರಂಭಿಸಬೇಕು, ಅದು 28 ದಿನಗಳ ಚಿಕಿತ್ಸೆ. ಮಾಹಿತಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಉಚಿತ ಸಹಾಯವಾಣಿ 1097.