ಕಂದು ಚರ್ಮದ ಮೇಲೆ ಲೇಸರ್: ಅರವತ್ತು ವರ್ಷಗಳ ಕಲಿಕೆ

ಕೋಲಾರ, ಮಾಲೂರು, ಮುಳಬಾಗಿಲಿನಂಥ ಊರುಗಳ ಬ್ಯೂಟಿ ಪಾರ್ಲರುಗಳಲ್ಲೂ ಈಗ ಥ್ರೆಡಿಂಗ್, ಫೇಶಿಯಲ್ ಮಾತಿನ ಜೊತೆಗೆ ಲೇಸರಿನ ಮಾತು ಸೇರಿಕೊಳ್ಳುತ್ತಿದೆ. ಮದುವೆಗೆ ಮುಂಚೆ ಮುಖ ಹೊಳೆಯಲು ಕಾರ್ಬನ್ ಪೀಲ್, ಕೆನ್ನೆಯ ಬಂಗಿಗೆ ಲೇಸರ್ ಟೋನಿಂಗ್, ಮೊಡವೆ ಬಿಟ್ಟುಹೋದ ಗುಳಿಗಳಿಗೆ ಫ್ರಾಕ್ಷನಲ್ ಲೇಸರ್. ಈ ಚಿಕಿತ್ಸೆಗಳ ಚರಿತ್ರೆಯನ್ನು ಒಂದಕ್ಕಿಂತ ಒಂದು ಉತ್ತಮವಾದ ಯಂತ್ರಗಳ ಚರಿತ್ರೆಯಾಗಿ ಹೇಳುವುದು ವಾಡಿಕೆ. ನನಗೆ ಅದು ಬೇರೆ ಬಗೆಯಲ್ಲಿ ಕಾಣುತ್ತದೆ. ಬಿಳಿಯರ ಚರ್ಮವನ್ನು ಎದುರಿಗಿಟ್ಟುಕೊಂಡು ಬೆಳೆದ ಒಂದು ವಿದ್ಯೆ, ಕಂದು ಚರ್ಮದ ಮುಂದೆ ಎಡವಿ ತನ್ನ ಬಲವನ್ನು ಹಿಡಿತದಲ್ಲಿಡುವುದನ್ನು ಕಲಿತ ಚರಿತ್ರೆ ಅದು. ಹಾಗೆ ಕಲಿತದ್ದರಲ್ಲಿ ಬಹುಪಾಲು ಯಂತ್ರದೊಳಗೆ ಸೇರಿಲ್ಲ, ಕಲೆ ಯಾವುದೆಂದು ಗುರುತಿಸಬಲ್ಲ ವೈದ್ಯರ ಕಣ್ಣಿನಲ್ಲೇ ಉಳಿದಿದೆ. ಯಂತ್ರವೊಂದೇ ಪಾರ್ಲರಿಗೆ ಬಂದು ಆ ಕಣ್ಣು ಬಾರದೆ ಹೋದರೆ, ನಷ್ಟವಾಗುವುದು ನಮ್ಮ ಬಣ್ಣದ ಜನಕ್ಕೇ.

ಮೊದಲ ಲೇಸರ್ ಕಿರಣವನ್ನು ಅಮೆರಿಕದ ಥಿಯೊಡೋರ್ ಮೈಮನ್ 1960ರ ಮೇ 16ರಂದು ಮಾಣಿಕ್ಯದ ಹರಳಿನಿಂದ ಹೊರಡಿಸಿದರು. ಮೂರು ವರ್ಷಗಳೊಳಗೆ ಸಿನ್ಸಿನಾಟಿಯ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ಅದನ್ನು ಚರ್ಮದ ಮೇಲೆ ಪರೀಕ್ಷಿಸಿ, ಕಪ್ಪಾದ ಜಾಗವೇ ಹೆಚ್ಚು ಘಾಸಿಗೊಳ್ಳುತ್ತದೆ ಎಂದು ಕಂಡುಕೊಂಡಿದ್ದರು. 1964ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಎರಡು ಮುಖ್ಯ ಲೇಸರುಗಳು ಹುಟ್ಟಿದವು. ಒಂದು, ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿದ ಕುಮಾರ್ ಪಟೇಲ್ ರೂಪಿಸಿದ ಕಾರ್ಬನ್ ಡೈಆಕ್ಸೈಡ್ ಲೇಸರ್. ಇನ್ನೊಂದು ನಿಯೋಡೈಮಿಯಂ ಯಾಗ್. ಇಂದಿನ ಲೇಸರ್ ಸೌಂದರ್ಯ ಚಿಕಿತ್ಸೆಗಳಲ್ಲಿ ಹಲವು ಈ ಎರಡರ ಮೇಲೆಯೇ ನಿಂತಿವೆ. ಆದರೆ ಮೊದಲ ಎರಡು ದಶಕ ಲೇಸರ್ ಎಂದರೆ ಸುಡುವ ಉಪಕರಣವಷ್ಟೇ. ಹುಟ್ಟುಕೆಂಪು ಮಚ್ಚೆ ತೆಗೆಯಲು ಆರ್ಗಾನ್ ಲೇಸರ್ ಬಳಸಿದ ಕಡೆ ಎಷ್ಟೋ ಸಲ ಮಚ್ಚೆ ಹೋಗಿ ಗಾಯದ ಕಲೆ ಉಳಿಯುತ್ತಿತ್ತು. ತಿರುವು ಬಂದದ್ದು 1983ರಲ್ಲಿ. ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ 'ಸೈನ್ಸ್' ಪತ್ರಿಕೆಯಲ್ಲಿ ಸರಳವಾದೊಂದು ತತ್ತ್ವ ಮಂಡಿಸಿದರು. ಗುರಿಯ ವಸ್ತು ಮಾತ್ರ ಹೀರಿಕೊಳ್ಳುವ ತರಂಗಾಂತರವನ್ನು ಆರಿಸಿ, ಬಿಸಿ ಸುತ್ತಲಿಗೆ ಹರಡುವ ಮೊದಲೇ ಕಿರಣವನ್ನು ನಿಲ್ಲಿಸಿದರೆ, ಗುರಿ ನಾಶವಾಗುತ್ತದೆ, ಪಕ್ಕದ ಅಂಗಾಂಶ ಉಳಿಯುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನಿನ ಕಣ್ಣಿಗೆ ಕಾಣದ ಕಣವನ್ನು ಒಡೆಯಲು ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ ಕೆಲವೇ ಪಾಲಿನಷ್ಟು ಹೊತ್ತಿನ ಮಿಂಚು ಸಾಕು ಎಂಬ ಲೆಕ್ಕ ಬಂದದ್ದು ಇಲ್ಲಿಂದಲೇ.

ನಮ್ಮ ತೊಡಕು ಶುರುವಾಗುವುದೂ ಈ ತತ್ತ್ವದಲ್ಲೇ. ಬಿಳಿ ಚರ್ಮದಲ್ಲಿ ಕಲೆಯೊಂದೇ ಕಪ್ಪು, ಹಾಗಾಗಿ ಕಿರಣ ನೇರವಾಗಿ ಕಲೆಗೆ ಹೋಗುತ್ತದೆ. ಕಂದು ಚರ್ಮದ ಮೇಲ್ಪದರದ ತುಂಬಾ ಮೆಲನಿನ್ ಇರುವುದರಿಂದ ಗುರಿ ಮುಟ್ಟುವ ಮೊದಲೇ ಕಿರಣ ಅಲ್ಲಿ ಸಿಕ್ಕಿ ಬಿಸಿಯಾಗುತ್ತದೆ. ಹೆಚ್ಚಾದರೆ ಗುಳ್ಳೆ ಏಳುತ್ತದೆ. ಗುಳ್ಳೆ ಏಳದಿದ್ದರೂ ಉರಿಯೂತಕ್ಕೆ ಕೆರಳಿದ ಬಣ್ಣದ ಕೋಶಗಳು ಮತ್ತಷ್ಟು ಮೆಲನಿನ್ ಸುರಿಸುತ್ತವೆ. ತೆಗೆಸಲು ಹೋದ ಕಲೆಗಿಂತ ದೊಡ್ಡ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಚರ್ಮವನ್ನು ಬಿಸಿಲಿಗೆ ತೋರುವ ಪ್ರತಿಕ್ರಿಯೆಯಿಂದ ವಿಂಗಡಿಸಿ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಮಾಡಿದ ಪಟ್ಟಿಯಲ್ಲಿ ಮೊದಲಿಗೆ ಬಿಳಿ ಚರ್ಮದ ವರ್ಗಗಳಷ್ಟೇ ಇದ್ದವು. ಕಂದು, ಕಪ್ಪು ಚರ್ಮಗಳಿಗೆ ಐದು, ಆರನೆಯ ವರ್ಗ ಸೇರಿದ್ದು ಆಮೇಲೆ. ಭಾರತೀಯರಲ್ಲಿ ಬಹುಪಾಲು ಮಂದಿ ನಾಲ್ಕು, ಐದನೆಯ ವರ್ಗದವರು. ಐದು, ಆರನೆಯ ವರ್ಗ ತಡವಾಗಿ ಸೇರಿದ ಈ ಚಿಕ್ಕ ಸಂಗತಿ ಇಡೀ ಕ್ಷೇತ್ರದ ಬಗ್ಗೆ ಬಹಳ ಹೇಳುತ್ತದೆ.

1990ರ ದಶಕದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರಿನಿಂದ ಮುಖದ ಮೇಲ್ಪದರವನ್ನೇ ಪೂರ್ತಿ ತೆಗೆದು ಸುಕ್ಕು ಮಾಯಿಸುವ ವಿಧಾನ ಪಶ್ಚಿಮದಲ್ಲಿ ಭಾರಿ ಜನಪ್ರಿಯವಾಯಿತು. ಅಲ್ಲಿಯೇ ತಿಂಗಳುಗಳ ಕೆಂಪು, ಕೆಲವರಿಗೆ ಶಾಶ್ವತ ಬಿಳುಪು ತಪ್ಪಲಿಲ್ಲ. ಕಂದು ಚರ್ಮಕ್ಕಂತೂ ಅದು ದುಬಾರಿ ಸಾಹಸ. 2004ರಲ್ಲಿ ಮ್ಯಾನ್‌ಸ್ಟೈನ್, ಆಂಡರ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಫ್ರಾಕ್ಷನಲ್ ವಿಧಾನ ದಾರಿ ತೆರೆಯಿತು. ಅದು ಕೂದಲೆಳೆಯಷ್ಟು ಸಣ್ಣ ಕಂಬಗಳಂತೆ ಚರ್ಮವನ್ನು ಸುಟ್ಟು, ನಡುವಿನ ಚರ್ಮವನ್ನು ಮುಟ್ಟದೆ ಬಿಡುತ್ತದೆ. ಆ ಉಳಿದ ಚರ್ಮವೇ ಗಾಯವನ್ನು ಕೆಲವೇ ದಿನಗಳಲ್ಲಿ ಮಾಯಿಸುತ್ತದೆ. ಮೊಡವೆ ಗುಳಿಗಳಿಗೆ ಇದರಿಂದ ನಿಜವಾದ ಪ್ರಯೋಜನವಿದೆ, ಕಂಬಗಳ ಸಾಂದ್ರತೆ ಕಡಿಮೆ ಇಟ್ಟು ಹೆಚ್ಚು ಸಿಟ್ಟಿಂಗುಗಳಲ್ಲಿ ಮಾಡಿದರೆ. ಬಣ್ಣದ ಕಲೆಗಳಿಗೆ 1064 ನ್ಯಾನೋಮೀಟರಿನ ಯಾಗ್ ಲೇಸರ್ ನಮಗೆ ಹೆಚ್ಚು ಹೊಂದಿತು, ಏಕೆಂದರೆ ತರಂಗಾಂತರ ಉದ್ದವಾದಷ್ಟೂ ಮೆಲನಿನ್ ಅದನ್ನು ಹೀರುವುದು ಕಡಿಮೆ. ಹಳೆಯ ಹಸಿರು ಹಚ್ಚೆಯ ಇಂಗಾಲದ ಬಣ್ಣವನ್ನು ಇದು ಚೆನ್ನಾಗಿ ಒಡೆಯುತ್ತದೆ.

ಬಂಗಿನ ವಿಷಯ ಮಾತ್ರ ಬೇರೆ, ಮತ್ತು ಕೋಲಾರ ಸೀಮೆಗೆ ಅದೇ ಮುಖ್ಯ. ಟೊಮೆಟೊ, ರೇಷ್ಮೆ ತೋಟಗಳಲ್ಲಿ ದುಡಿಯುವ ಹೆಂಗಸರ ಕೆನ್ನೆಯ ಮೇಲಿನ ಕಂದು ಛಾಯೆ ಬಿಸಿಲು, ಹಾರ್ಮೋನು, ವಂಶದ ಒಲವು ಕೂಡಿ ಬಂದದ್ದು. ಕಡಿಮೆ ಶಕ್ತಿಯ ಯಾಗ್ ಕಿರಣವನ್ನು ವಾರವಾರವೂ ಹಾಯಿಸುವ ಟೋನಿಂಗ್ ಪೂರ್ವ ಏಷ್ಯಾದಿಂದ ಹರಡಿತು. ಮೊದಮೊದಲು ಬಣ್ಣ ತಿಳಿಯಾಗುತ್ತದೆ, ನಿಲ್ಲಿಸಿದ ಮೇಲೆ ಬಹಳ ಮಂದಿಗೆ ಮರಳುತ್ತದೆ. ಸಿಟ್ಟಿಂಗುಗಳು ಮಿತಿಮೀರಿದಾಗ ಕೆಲವರ ಮುಖದಲ್ಲಿ ಸಣ್ಣ ಬಿಳಿ ಚುಕ್ಕೆಗಳು ಏಳುತ್ತವೆ, ಅವುಗಳಿಗೆ ಪರಿಹಾರ ಕಷ್ಟ. ಬಂಗಿಗೆ ಲೇಸರ್ ಮೊದಲ ಚಿಕಿತ್ಸೆಯಲ್ಲ, ಕೊನೆಯ ಸರದಿಯದು ಎಂಬುದು ಚರ್ಮವೈದ್ಯರಲ್ಲಿ ಈಗ ಬಲವಾಗಿ ನೆಲೆಸಿರುವ ಅಭಿಪ್ರಾಯ. ಟೋನಿಂಗನ್ನು ಪ್ಯಾಕೇಜ್ ಮಾಡಿ ಮಾರುವುದಕ್ಕೆ ನಾನು ಒಪ್ಪದಿರುವುದು ಈ ಕಾರಣಕ್ಕೆ.

ಇಂಥ ಚಿಕಿತ್ಸೆಯನ್ನು ಯಾರು, ಹೇಗೆ ಮಾಡಬೇಕೆಂಬ ನಿಯಮಗಳೂ ನಮ್ಮಲ್ಲಿವೆ. ಭಾರತೀಯ ಚರ್ಮವೈದ್ಯರ ಸಂಘದ ಕಾರ್ಯಪಡೆ 2008ರಲ್ಲಿ ಚರ್ಮದ ಶಸ್ತ್ರಚಿಕಿತ್ಸೆಗಳಿಗೆ ಮಾರ್ಗಸೂಚಿಗಳನ್ನು ಹೊರತಂದಿತು. ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳು ನೋಂದಾಯಿಸಿಕೊಳ್ಳಬೇಕೆನ್ನುವ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. ಸೌಂದರ್ಯ ಚಿಕಿತ್ಸೆ ಮಾಡುವವರು ತರಬೇತಾದ ನೋಂದಾಯಿತ ವೈದ್ಯರಾಗಿರಬೇಕು, ಕಾರ್ಯಾಗಾರವನ್ನೋ ಯೂಟ್ಯೂಬನ್ನೋ ನೋಡಿ ಕಲಿತದ್ದು ತರಬೇತಿ ಎನಿಸದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸ್ಪಷ್ಟವಾಗಿ ಹೇಳಿತು.

ವೈದ್ಯರೇ ಮಾಡಬೇಕೆಂಬ ಈ ಮಾತಿಗೆ ಆಕ್ಷೇಪಗಳಿವೆ. ಯಂತ್ರದಲ್ಲೇ ಚರ್ಮದ ವರ್ಗಕ್ಕೆ ತಕ್ಕ ಪ್ರಮಾಣ ತುಂಬಿರುತ್ತದೆ, ಗುಂಡಿ ಒತ್ತಿದರಾಯಿತು ಎನ್ನುತ್ತಾರೆ. ಆದರೆ ಎದುರಿಗಿರುವ ಕಂದು ಚುಕ್ಕೆ ಬಂಗೋ, ಹುಟ್ಟುಮಚ್ಚೆಯೋ, ಬೆಳ್ಳಗಾಗುವ ಕ್ರೀಮಿನಲ್ಲಿ ಬೆರೆತ ಸ್ಟಿರಾಯ್ಡು ಹಾಳು ಮಾಡಿದ ಚರ್ಮವೋ ಎಂಬುದು ಯಂತ್ರಕ್ಕೆ ತಿಳಿಯದು. ಈಚೆಗೆ ಹರಡತೊಡಗಿ ಕ್ಯಾನ್ಸರಿನ ಅನುಮಾನ ಹುಟ್ಟಿಸುವ ಮಚ್ಚೆಯನ್ನು ಸುಟ್ಟರೆ ರೋಗ ಪತ್ತೆಯಾಗುವುದೇ ತಡವಾಗುತ್ತದೆ. ಕೃಷ್ಣಶಿಲೆಯ ವಿಗ್ರಹಗಳಿಗೆ ಹೆಸರಾದ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಕಲ್ಲಿನ ಗುಣ ಅರಿಯದೆ ಉಳಿ ಹಿಡಿಯುವ ಶಿಲ್ಪಿ ಇಲ್ಲ. ಮುಖಕ್ಕೆ ಅಷ್ಟು ಎಚ್ಚರವಾದರೂ ಸಲ್ಲಬೇಕು. ವೈದ್ಯರ ಕೈಯಲ್ಲೂ ಸುಟ್ಟ ಮುಖಗಳಿವೆ ಎಂಬ ಮಾತು ನಿಜ. ಆದರೆ ಅಲ್ಲಿ ನೋಂದಣಿಯಿದೆ, ದಾಖಲೆಯಿದೆ, ಕೇಳುವ ಜಾಗವಿದೆ. ಇನ್ನು ಚರ್ಮವೈದ್ಯರು ದೂರ, ಖರ್ಚೂ ಹೆಚ್ಚು ಎಂಬ ಆಕ್ಷೇಪ ಎಲ್ಲಕ್ಕಿಂತ ತೂಕದ್ದು. ಪಾರ್ಲರಿನ ಅಗ್ಗದ ಸಿಟ್ಟಿಂಗುಗಳು ಕೂಡಿಕೊಂಡಾಗ ಅಗ್ಗವಾಗಿ ಉಳಿಯವು ಎಂದು ಹೇಳಿದರಷ್ಟೇ ಸಾಲದು. 1986ರಲ್ಲಿ ಶುರುವಾದ ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜು ಜಿಲ್ಲೆಯೊಳಗೇ ಇದೆ. ಮೊಡವೆ ಗುಳಿ, ಸುಟ್ಟ ಗಾಯದ ಕಲೆ, ಬೇಡವಾದ ಹಚ್ಚೆಗೆ ಬಡವರಿಗೆ ಎಟಕುವ ದರದ ಲೇಸರ್ ಸೌಲಭ್ಯ ಜಿಲ್ಲಾ ಆಸ್ಪತ್ರೆಯಂಥ ಕಡೆಯೂ ಬರಬೇಕು. ಕಲೆಯ ಮುಖ ಹೊತ್ತು ಕೆಲಸದ ಸಂದರ್ಶನಕ್ಕೆ ಹೋಗುವ ಹುಡುಗಿಯ ಸಂಕಟವನ್ನು ಶೋಕಿ ಎಂದು ತಳ್ಳಿಹಾಕುವುದು ಕ್ರೂರ.

ಪಾರ್ಲರ್ ನಡೆಸುವ ಹೆಂಗಸರನ್ನು ನಾನು ಎದುರಾಳಿಗಳೆಂದು ಕಾಣುವುದಿಲ್ಲ. ಎಷ್ಟೋ ಮಂದಿಯ ಮುಖದ ಬದಲಾವಣೆಯನ್ನು ಮೊದಲು ನೋಡುವವರು ಅವರೇ. ಈ ಕ್ಷೇತ್ರದ ಈಚಿನ ಅರಿವು ಅವರ ಕೈಗೆ ಹೊಸ ಕೆಲಸವನ್ನೂ ಕೊಡುತ್ತದೆ. ಕಂದು ಚರ್ಮವನ್ನು ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸುತ್ತದೆ ಎಂದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯುವುದು ಕಡಿಮೆ, ಐರನ್ ಆಕ್ಸೈಡ್ ಸೇರಿದ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ತಡೆಯುತ್ತದೆ. ಬಂಗಿನವರಿಗೆ ಅದನ್ನು ಹಚ್ಚುವುದು ಹೇಗೆ, ದಿನಕ್ಕೆ ಎಷ್ಟು ಸಲ, ತೋಟಕ್ಕೆ ಹೋಗುವಾಗ ಸೆರಗನ್ನು ಹೇಗೆ ಹೊದೆಯಬೇಕು ಎಂದು ಹೇಳಿಕೊಡಲು ಪಾರ್ಲರಿಗಿಂತ ಹತ್ತಿರದ ಜಾಗ ಈ ಊರುಗಳಲ್ಲಿ ಬೇರೆ ಇಲ್ಲ.