ಕಾಟ್ಟಿಕುಳಂ ಸೀಮೆಯ ಕೋರ್ಟು ದಾಖಲೆಗಳು

ಕಾಟ್ಟಿಕುಳಂ ಕೇರಳದ ವಯನಾಡು ಜಿಲ್ಲೆ, ಮಾನಂದವಾಡಿ ತಾಲ್ಲೂಕು, ತಿರುನೆಲ್ಲಿ ಪಂಚಾಯತಿಗೆ ಸೇರಿದ ಸಣ್ಣ ಪೇಟೆ. ಮಾನಂದವಾಡಿಯಿಂದ ಬರುವ ರಸ್ತೆ ಇಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಾವಲಿಯ ಮೇಲೆ ಹೆಗ್ಗಡದೇವನಕೋಟೆ, ಮೈಸೂರಿನ ಕಡೆಗೆ ಹೋದರೆ ಇನ್ನೊಂದು ತೋಲ್ಪೆಟ್ಟಿ ದಾಟಿ ಕೊಡಗಿನ ಕುಟ್ಟಕ್ಕೆ ಸೇರುತ್ತದೆ. ಇಲ್ಲಿನವರ ವ್ಯಾಜ್ಯಗಳು ನಡೆಯುವುದು ಮಾನಂದವಾಡಿಯ ಕೋರ್ಟಿನಲ್ಲಿ. ಮಲಬಾರ್ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದಾಗ ಉತ್ತರ ಮಲಬಾರಿನ ಜಿಲ್ಲಾ ನ್ಯಾಯಾಲಯ ತಲಶ್ಶೇರಿಯಲ್ಲಿತ್ತು. 1957ರಲ್ಲಿ ಮಲಬಾರ್ ಒಡೆದಾಗ ಉತ್ತರ ವಯನಾಡು ಕಣ್ಣೂರು ಜಿಲ್ಲೆಗೆ ಹೋಯಿತು, 1980ರ ನವೆಂಬರ್ 1ರಂದು ಹೊಸ ವಯನಾಡು ಜಿಲ್ಲೆಗೆ ಬಂತು. ಹೀಗೆ ಯಜಮಾನರು ಬದಲಾದ ಸೀಮೆಯ ಕಡತಗಳು ಒಂದೇ ಕಪಾಟಿನಲ್ಲಿ ಸಿಗುವುದಿಲ್ಲ. ಆದರೆ ಕಡತಗಳು ಚದುರಿರುವುದಕ್ಕಿಂತ ದೊಡ್ಡ ತೊಡಕು ಅವುಗಳ ಒಳಗೇ ಇದೆ. ಗದ್ದೆ, ಗೇಣಿ, ಅಡಮಾನಗಳ ಬಗ್ಗೆ ಧಾರಾಳವಾಗಿ ಮಾತಾಡುವ ಈ ದಾಖಲೆಗಳು ಆ ಗದ್ದೆ ಉತ್ತವರ ಬಗ್ಗೆ ಬಹುಮಟ್ಟಿಗೆ ಮೌನವಾಗಿವೆ. ಆ ಮೌನ ತಾನಾಗಿ ಬಂದದ್ದಲ್ಲ, ಕಾನೂನಿನಿಂದ ಹುಟ್ಟಿದ್ದು. ಅದಕ್ಕೊಂದು ಇಸವಿಯೂ ಇದೆ.

1800–01ರಲ್ಲಿ ಮಲಬಾರಿನಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಅಲ್ಲಿ ಗುಲಾಮರನ್ನು ಜನ್ಮ, ಕಾಣಂ, ಪಾಟ್ಟಂ ಎಂಬ ಮೂರು ಬಗೆಯಲ್ಲಿ ಕೈಬದಲಾಯಿಸುತ್ತಿದ್ದರೆಂದು ಬರೆದಿದ್ದಾನೆ. ಅಂದರೆ ಪೂರ್ತಿ ಮಾರಾಟ, ಅಡಮಾನ, ಬಾಡಿಗೆ: ಜಮೀನಿಗೆ ಯಾವ ಕ್ರಮವೋ ಆಳಿಗೂ ಅದೇ ಕ್ರಮ. ಆಳು ಆಸ್ತಿಯಾಗಿದ್ದಷ್ಟು ಕಾಲ ಆಳಿನ ಮೇಲಿನ ಹಕ್ಕಿಗೆ ದಾವೆ ಹೂಡಬಹುದಿತ್ತು. 1843ರ 5ನೇ ಕಾಯಿದೆ ಇದಕ್ಕೆ ತಡೆ ಹಾಕಿತು. ಗುಲಾಮನ ಮೇಲೆ ಒಡೆತನವಿದೆ ಎಂಬ ಯಾವ ಹಕ್ಕನ್ನೂ ಯಾವ ಕೋರ್ಟೂ ಎತ್ತಿಹಿಡಿಯಕೂಡದೆಂದಿತು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆ ಗುಲಾಮರ ಕ್ರಯವಿಕ್ರಯವನ್ನೇ ಅಪರಾಧವೆಂದಿತು. ಆದರೆ ಜೀತ ನಿಲ್ಲಲಿಲ್ಲ, ಕಾಗದದಿಂದ ಬಾಯಿಮಾತಿಗೆ ಇಳಿಯಿತು. ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವಿನ ಭಗವತಿ ಜಾತ್ರೆಯಲ್ಲಿ ಜಮೀನುದಾರರು ಅಡಿಯ, ಪಣಿಯ ಆದಿವಾಸಿ ಕುಟುಂಬಗಳಿಗೆ ‘ನಿಲ್ಪುಪಣಂ’ ಎಂಬ ಅಲ್ಪ ಮುಂಗಡ ಕೊಟ್ಟು ಒಂದು ವರ್ಷದ ದುಡಿಮೆಗೆ ಕಟ್ಟಿಹಾಕುತ್ತಿದ್ದರು. ದೇವಿಯ ಎದುರಿನ ಮಾತೇ ಕರಾರು. ಬರೆದ ಪತ್ರವಿಲ್ಲದ್ದರಿಂದ ದಾವೆಯಿಲ್ಲ, ದಾವೆಯಿಲ್ಲದ್ದರಿಂದ ಕಡತವೂ ಇಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ವಯನಾಡಿಗೆ ಕಾಫಿ ತೋಟಗಳು ಬಂದವು, ಕೂಲಿ ದುಡಿಮೆ ಹರಡಿತು. ದಾಖಲೆ ಮೌನವಾದದ್ದು ಜೀತ ನಿಜಕ್ಕೂ ಕರಗಿದ್ದರಿಂದ ಎಂಬುದು. ತೋಟಗಳು ಬಂದದ್ದು ನಿಜ. ಆದರೆ ಜೀತ ಕರಗಿದ್ದರೆ 1960ರ ದಶಕದಲ್ಲಿ ನಕ್ಸಲ್ ನಾಯಕ ಎ. ವರ್ಗೀಸ್ ತಿರುನೆಲ್ಲಿ ಸುತ್ತಿನ ಆದಿವಾಸಿಗಳನ್ನು ಅದರ ವಿರುದ್ಧ ಸಂಘಟಿಸುವ ಪ್ರಸಂಗವೇ ಬರುತ್ತಿರಲಿಲ್ಲ. 1963ರಲ್ಲಿ ಕೆ. ಪಾನೂರ್ ತಮ್ಮ ‘ಕೇರಳತ್ತಿಲೆ ಆಫ್ರಿಕ’ ಪುಸ್ತಕದಲ್ಲಿ ಅದನ್ನು ಬರೆಯುವ ಅಗತ್ಯವೂ ಇರುತ್ತಿರಲಿಲ್ಲ. ದೇಶಕ್ಕೆ ಜೀತ ನಿರ್ಮೂಲನ ಕಾಯಿದೆ ಬೇಕಾದದ್ದು 1976ರಲ್ಲಿ. ಹಾಗಾಗಿ 1843ರ ನಂತರದ ಸಿವಿಲ್ ಕಡತಗಳಲ್ಲಿ ಆಳುಗಳು ಕಾಣದಿರುವುದನ್ನು ಅವರ ಬಿಡುಗಡೆಗೆ ಪುರಾವೆಯೆಂದು ಓದುವುದು ದೊಡ್ಡ ತಪ್ಪು.

ಹಾಗೆಂದು ಈ ಕಡತಗಳು ನಿರುಪಯುಕ್ತವಲ್ಲ. ಗಡಿ ತಂಟೆಯಲ್ಲೋ ಕ್ರಿಮಿನಲ್ ಮೊಕದ್ದಮೆಯಲ್ಲೋ ದುಡಿಯುವವರು ಸಾಕ್ಷಿಗಳಾಗಿ ಬರುತ್ತಾರೆ. ಸಾಕ್ಷಿಯ ಹೇಳಿಕೆಯ ಹಾಳೆಯಲ್ಲಿ ಮೊದಲು ಹೆಸರು, ತಂದೆಯ ಹೆಸರು, ವಯಸ್ಸು, ಕಸುಬು, ಕೆಳಗೆ ಹೇಳಿಕೆ, ಕೊನೆಗೆ ಸಹಿ, ಓದುಬರಹ ಬಾರದವರಾದರೆ ಹೆಬ್ಬೆಟ್ಟು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಹೇಳಿಕೆಯನ್ನು ಸಾಮಾನ್ಯವಾಗಿ ನಿರೂಪಣೆಯಾಗಿ ಬರೆದುಕೊಳ್ಳಬೇಕಿತ್ತು, ಪ್ರಶ್ನೋತ್ತರವಾಗಿ ಅಲ್ಲ. ವಕೀಲ ಕೇಳಿದ್ದೆಷ್ಟು, ಸಾಕ್ಷಿ ತಾನಾಗಿ ಹೇಳಿದ್ದೆಷ್ಟು ಎಂಬುದು ಅಲ್ಲೇ ಬೆರೆತುಹೋಗುತ್ತದೆ. ಸಾಲದ್ದಕ್ಕೆ, 1917ರ ದಾಖಲೆ ನಾಶ ಕಾಯಿದೆ ಯಾವ ಕಡತವನ್ನು ಎಷ್ಟು ಕಾಲ ಇಡಬೇಕೆಂದು ನಿಯಮ ಮಾಡುವ ಅಧಿಕಾರವನ್ನು ಹೈಕೋರ್ಟುಗಳಿಗೆ ಕೊಟ್ಟಿತು. ಇಂಥ ನಿಯಮಗಳಲ್ಲಿ ತೀರ್ಪು, ಡಿಕ್ರಿಗಳಿಗೆ ಆಯುಸ್ಸು ಹೆಚ್ಚು, ಉಳಿದ ಹಾಳೆಗಳಿಗೆ ಕಡಿಮೆ. ಬಡವರ ಮಾತು ಇರುವುದು ಆ ಉಳಿದ ಹಾಳೆಗಳಲ್ಲೇ. ಭಾಷೆಯದು ಮತ್ತೊಂದು ಸಂಗತಿ. ಇಲ್ಲಿ ಅಡಿಯರೆನಿಸಿಕೊಳ್ಳುವ ರಾವುಳರು ಕುಟ್ಟದ ಆಚೆ ಯರವರು. ಅವರ ನುಡಿ ಮಲಬಾರಿನ ಕೋರ್ಟಿನಲ್ಲಿ ಮಲಯಾಳಕ್ಕೋ ಇಂಗ್ಲಿಷಿಗೋ ತಿರುಗಿತು. 1834ರ ನಂತರದ ಬ್ರಿಟಿಷ್ ಕೊಡಗಿನಲ್ಲಿ ಕೋರ್ಟಿನ ಭಾಷೆ ಕನ್ನಡ. ಒಂದೇ ಬಳಗದವರ ಚರಿತ್ರೆ ಬೇರೆಬೇರೆ ಲಿಪಿಗಳಲ್ಲಿ ಹಂಚಿಹೋಗಿರುವಾಗ ಮಾನಂದವಾಡಿಯ ಕಡತವನ್ನು ವಿರಾಜಪೇಟೆ, ಮಡಿಕೇರಿಯ ಕಡತಗಳ ಜೊತೆಗಿಟ್ಟು ಓದದೆ ಗತ್ಯಂತರವಿಲ್ಲ. ಕನ್ನಡದ ಸಂಶೋಧಕರು ಈ ಕೆಲಸಕ್ಕೆ ತುರ್ತಾಗಿ ಕೈಹಾಕಬೇಕು.

ಬರಹವಿಲ್ಲದ ಕಡೆ ಹಿರಿಯರ ನೆನಪೇ ಆಧಾರ. ಆದರೆ ಅದನ್ನು ನಂಬುವುದು ಹೇಗೆ, ಅದಕ್ಕೆ ತಾರೀಖೂ ಇಲ್ಲ, ಅಡ್ಡ ಸವಾಲೂ ಇಲ್ಲ ಎಂಬುದು ಎರಡನೆಯ ಆಕ್ಷೇಪ. ಅಡ್ಡ ಸವಾಲು ನೆನಪಿಗೂ ಬೇಕು, ಒಪ್ಪೋಣ. ಆದರೆ ಕಡತಕ್ಕೂ ಬೇಕು ಎಂಬುದಕ್ಕೆ ಇದೇ ತಿರುನೆಲ್ಲಿ ಸಾಕ್ಷಿ. 1970ರ ಫೆಬ್ರವರಿ 18ರಂದು ವರ್ಗೀಸ್ ಸತ್ತದ್ದು ಗುಂಡಿನ ಕಾಳಗದಲ್ಲಿ ಎಂದು ಪೊಲೀಸ್ ದಾಖಲೆ ಹೇಳಿತು. ಹಿಡಿದ ಮೇಲೆ ಮೇಲಧಿಕಾರಿಗಳ ಆಜ್ಞೆಯಂತೆ ತಾನೇ ಗುಂಡಿಕ್ಕಿದೆನೆಂದು ಕಾನ್‌ಸ್ಟೆಬಲ್ ರಾಮಚಂದ್ರನ್ ನಾಯರ್ 1998ರಲ್ಲಿ ಒಪ್ಪಿಕೊಂಡರು. 2010ರಲ್ಲಿ ಕೊಚ್ಚಿಯ ಸಿಬಿಐ ವಿಶೇಷ ನ್ಯಾಯಾಲಯ ನಿವೃತ್ತ ಪೊಲೀಸ್ ಅಧಿಕಾರಿ ಕೆ. ಲಕ್ಷ್ಮಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ನಲವತ್ತು ವರ್ಷದ ಬರಹವನ್ನು ಸುಳ್ಳಾಗಿಸಲು ದಾರಿ ತೆರೆದದ್ದು ಒಬ್ಬನ ತಪ್ಪೊಪ್ಪಿಗೆ.

ದಾಖಲೆಯ ಈ ಪ್ರಶ್ನೆ ಭೂಮಿಯ ಪ್ರಶ್ನೆಯೂ ಹೌದು. ಆದಿವಾಸಿಗಳ ಕೈತಪ್ಪಿದ ಜಮೀನನ್ನು ಮರಳಿಸಲು ಕೇರಳ 1975ರಲ್ಲಿ ಕಾಯಿದೆ ಮಾಡಿತು. ಅದರ ನಿಯಮಗಳು ಹೊರಬಂದದ್ದು 1986ರಲ್ಲಿ, ಅದರ ಜಾಗಕ್ಕೆ ಬೇರೆ ಕಾಯಿದೆ ಬಂದದ್ದು 1999ರಲ್ಲಿ. ಭೂಮಿ ತನ್ನದಾಗಿತ್ತೆಂದು ತೋರಿಸಲು ಕಾಗದವಿಲ್ಲದವನಿಗೆ ಈ ವಿಳಂಬದ ಪ್ರತಿ ವರ್ಷವೂ ನಷ್ಟವೇ. 2006ರ ಅರಣ್ಯ ಹಕ್ಕು ಕಾಯಿದೆಯ 2008ರ ನಿಯಮಾವಳಿಯಲ್ಲಿ, 13ನೇ ನಿಯಮ ಒಪ್ಪಬಹುದಾದ ಪುರಾವೆಗಳನ್ನು ಎಣಿಸುತ್ತದೆ. ಕೋರ್ಟಿನ ಆದೇಶ, ತೀರ್ಪುಗಳು ಅದರಲ್ಲಿವೆ. ಅರ್ಜಿದಾರನಲ್ಲದ ಹಿರಿಯರು ಹೇಳಿ ಬರೆಸಿದ ಹೇಳಿಕೆಗೂ ಅದೇ ಪಟ್ಟಿಯಲ್ಲಿ ಸ್ಥಾನವಿದೆ.