ಡೋಂಗ್ರಿಯ ಬಾಗಿಲಲ್ಲಿ ವೈದ್ಯರು

1882ರಲ್ಲಿ ತಿಲಕರೂ ಆಗರ್ಕರರೂ 101 ದಿನ ಕಳೆದ ಮುಂಬಯಿಯ ಡೋಂಗ್ರಿ ಜೈಲು ಮುಂದೆ ಮಕ್ಕಳ ಪಾಲಾಯಿತು. 1924ರಲ್ಲಿ ಬಾಂಬೆ ಮಕ್ಕಳ ಕಾಯ್ದೆ ಬಂತು, 1927ರಲ್ಲಿ ಚಿಲ್ಡ್ರನ್ಸ್ ಏಡ್ ಸೊಸೈಟಿ ಹುಟ್ಟಿತು. ಉಮರ್‌ಖಾಡಿಯ ಆ ಹಳೆಯ ಕಟ್ಟಡ ರಿಮಾಂಡ್ ಹೋಮ್ ಆಯಿತು. ಜೈಲು ಹೋದರೂ ಜೈಲಿನ ರೂಢಿ ಅಷ್ಟು ಬೇಗ ಹೋಗಲಿಲ್ಲ. 2007ರ ಕೇಂದ್ರದ ಮಾದರಿ ನಿಯಮಗಳಲ್ಲೂ ಹೊಸದಾಗಿ ಬಂದ ಮಗುವಿಗೆ ಮೊದಲು ಆಗಬೇಕಾದದ್ದು ಜಡತಿ, ಬಟ್ಟೆಬರೆಗೆ ಸೋಂಕು ನಿವಾರಣೆ, ಸ್ನಾನ, ಕ್ಷೌರ. ವೈದ್ಯರ ಪರೀಕ್ಷೆಯೂ ಅದೇ ಸಾಲಿನಲ್ಲಿ ಬರುತ್ತದೆ. ಅಂಟುರೋಗದ ಅನುಮಾನವಿದ್ದರೆ ಬೇರೆ ಕೋಣೆ.

ಆದರೆ ವೈದ್ಯರ ಎದುರು ಬಹಳ ಸಲ ಮೊದಲು ಬರುತ್ತಿದ್ದದ್ದು ಕಾಯಿಲೆಯ ಪ್ರಶ್ನೆಯಲ್ಲ, ವಯಸ್ಸಿನದು. 1986ರ ಕಾಯ್ದೆಯಲ್ಲಿ ಹುಡುಗ 16ರವರೆಗೆ, ಹುಡುಗಿ 18ರವರೆಗೆ ಬಾಲರು. 2000ದಲ್ಲಿ ಇಬ್ಬರಿಗೂ 18 ಆಯಿತು. ಕರಾವಳಿಯಿಂದ ಹೊರಟು ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತ ಹುಡುಗನ ಜೇಬಿನಲ್ಲಿ ಜನನ ಪತ್ರ ಎಲ್ಲಿಂದ ಬರಬೇಕು? ಹಾಗಾಗಿ ಮಣಿಕಟ್ಟು, ಮೊಣಕೈಗಳ ಎಕ್ಸ್‌ರೇ. ಮೂಳೆಯ ತುದಿ ಕೂಡಿಕೊಂಡಿದೆಯೇ ಎಂದು ನೋಡುವ ಈ ಲೆಕ್ಕ ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರ ಜಯಮಾಲಾ ಪ್ರಕರಣದಲ್ಲೇ ಹೇಳಿತ್ತು. ಆ ಎರಡು ವರ್ಷದಲ್ಲಿ ಒಬ್ಬ ಹುಡುಗ ಬಾಲಗೃಹಕ್ಕೂ ಹೋಗಬಹುದು, ದೊಡ್ಡವರ ಜೈಲಿಗೂ ಹೋಗಬಹುದು. 2015ರ ಕಾಯ್ದೆಯ 94ನೇ ಕಲಂ ಮೊದಲು ಶಾಲೆಯ ದಾಖಲೆ, ಆಮೇಲೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ ಎನ್ನುತ್ತದೆ. (ಮೇಷ್ಟ್ರು ಬರೆದ ಜೂನ್ 1ನ್ನೇ ಹುಟ್ಟಿದ ದಿನ ಮಾಡಿಕೊಂಡ ಕನ್ನಡಿಗರಿಗೆ ಶಾಲೆಯ ದಾಖಲೆ ಎಷ್ಟು ಗಟ್ಟಿ ಎಂಬುದು ಗೊತ್ತು. ಆದರೂ ಎಕ್ಸ್‌ರೇಗಿಂತ ಅದೇ ವಾಸಿ.)

ಪರೀಕ್ಷೆ ಮಗುವಿಗಾಗಿಯೋ ಇತರರಿಗಾಗಿಯೋ ಎಂಬ ಪ್ರಶ್ನೆ ಬಯಲಿಗೆ ಬಿದ್ದದ್ದು 1996ರ ಫೆಬ್ರವರಿಯಲ್ಲಿ. ಪತ್ರಿಕಾ ವರದಿಯೊಂದನ್ನು ಆಧರಿಸಿ ಬಾಂಬೆ ಹೈಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡಿತು. ಪೊಲೀಸರು ವೇಶ್ಯಾಗೃಹಗಳ ಮೇಲೆ ದಾಳಿ ಮಾಡಿ ನಾನೂರಕ್ಕೂ ಹೆಚ್ಚು ಹುಡುಗಿಯರನ್ನೂ ಹೆಂಗಸರನ್ನೂ ಕರೆತಂದರು. ಅವರಲ್ಲಿ ನೇಪಾಳದವರು ಬಹಳ, ಕರ್ನಾಟಕದವರೂ ಇದ್ದರು. ಆಶ್ರಯಧಾಮಗಳಲ್ಲಿ ಅವರ ರಕ್ತ ತೆಗೆದು ಎಚ್‌ಐವಿ ಪರೀಕ್ಷೆ ನಡೆಯಿತು. ಆಗ ಈ ರೋಗಕ್ಕೆ ಕೈಗೆಟುಕುವ ಔಷಧವಿರಲಿಲ್ಲ. ಅಂದರೆ ಆ ಫಲಿತಾಂಶದಿಂದ ಹುಡುಗಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ, ಹಣೆಪಟ್ಟಿ ಸಿಗುತ್ತಿತ್ತು. ಪೌರತ್ವದ ಕಾಗದವಿಲ್ಲವೆಂದೂ ರೋಗದ ಭಯದಿಂದಲೂ ನೇಪಾಳ ಸರ್ಕಾರ ಹಿಂಜರಿಯಿತು. ಅವರು ತಿಂಗಳುಗಟ್ಟಲೆ ಮುಂಬಯಿಯಲ್ಲೇ ಉಳಿದರು. ಕೊನೆಗೆ ನೂರಕ್ಕೂ ಮಿಕ್ಕಿ ಜನರನ್ನು ಕರೆಸಿಕೊಂಡದ್ದು ಅಲ್ಲಿನ ಸ್ವಯಂಸೇವಾ ಸಂಸ್ಥೆಗಳು. ಹಾಗೆ ಮರಳಿದವರಲ್ಲಿ ಕೆಲವರು ಕಟ್ಟಿದ ಶಕ್ತಿ ಸಮೂಹಕ್ಕೆ 2013ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಂದು ಪ್ರತಿ ಮಗುವಿಗೂ ಪ್ರತ್ಯೇಕ ಪಾಲನಾ ಯೋಜನೆ ಬರೆಯಬೇಕು. ಅದರಲ್ಲಿ ಆರೋಗ್ಯ, ಪೌಷ್ಟಿಕತೆಯ ಅಗತ್ಯಗಳಿಗೆ ಜಾಗವಿದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಕೆಲವು ವಿನಾಯಿತಿಗಳುಂಟು. 6ನೇ ಕಲಂನಲ್ಲಿರುವ ಒಂದು: ವಿಚಾರಣೆಗೆ ಅಗತ್ಯವೆಂದು ನ್ಯಾಯಾಲಯವೇ ಆದೇಶಿಸಿದರೆ ಒಪ್ಪಿಗೆ ಬೇಕಿಲ್ಲ.